ಸಂಜೀವ ಮಾಮನ ರೆಕಾರ್ಡಿಂಗ್

ಆಗೆಲ್ಲ ನಮ್ಮ ಶಿರ್ತಾಡಿ ಕಡೆ ಮನೆಗೆ ಕಂಪ್ಯೂಟರ್ ಬಂದರೆ ಅದಕ್ಕೊಂದು ಹೂವಿನ ಚಿತ್ರದ ಬಟ್ಟೆ ಹೊದಿಸಿ, ದೇವರ ಪಟದಷ್ಟೇ ಮರ್ಯಾದೆಯಿಂದ ಚಾವಡಿಯಲ್ಲಿ ಇಡುತ್ತಿದ್ದರು. ನಾನು ಏಳನೆಯ ಕ್ಲಾಸು ಮುಗಿಸಿದ ಬೇಸಗೆ ರಜೆಯಲ್ಲಿ, ಚಿಕ್ಕಪ್ಪ ದುಬೈಯಿಂದ ತಂದ ಸಂಗೀತದ ಕೀಬೋರ್ಡೂ ಅದರ ಪಕ್ಕ ಬಂದು ಕೂತಿತು. ಓರಗೆಯ ಮಕ್ಕಳೆಲ್ಲ ಗದ್ದೆಯಲ್ಲಿ ಲಗೋರಿ ಆಡುತ್ತಿದ್ದರೆ, ನಾನು ಉಜಿರೆಯಲ್ಲಿ ಕಾಲೇಜು ಓದುತ್ತಿದ್ದ ಅಣ್ಣನ ಬಾಲ ಹಿಡಿದು ಚಾವಡಿಯಲ್ಲೇ ಇರುತ್ತಿದ್ದೆ.

ಕೀಬೋರ್ಡನ್ನು ಕಂಪ್ಯೂಟರಿಗೆ ಜೋಡಿಸುವ ವಯರು ಅಣ್ಣ ತಂದ. ಜೋಡಿಸಿದ ಮೇಲೆ, ಒತ್ತಿದ ಒಂದೊಂದು ಸ್ವರದ ಮನೆಯೂ ಪರದೆಯ ಮೇಲೆ ಹಸಿರು ಗೆರೆಯಾಗಿ ಬಿದ್ದು ರೆಕಾರ್ಡ್ ಆಗುತ್ತಿತ್ತು. ಆ ಗೆರೆಯನ್ನು ಬೇಕಾದರೆ ಕೊಳಲು ಮಾಡಬಹುದು, ಪಿಟೀಲು ಮಾಡಬಹುದು. ಎಲ್ಲ ಸರಿ, ನುಡಿಸುವವರು ಯಾರು? ನಮ್ಮಿಬ್ಬರಿಗೂ ಸರಿಗಮ ದಾಟಿ ಏನೂ ಬರುತ್ತಿರಲಿಲ್ಲ.

"ಸಂಜೀವ ಮಾಮನನ್ನು ಕರೆಯುವ" ಎಂದ ಅಣ್ಣ.

ಸಂಜೀವ ಮಾಮ ಪೇಟೆಯ ಟೈಲರ್. ಪ್ರತಿ ಶನಿವಾರ ನಮ್ಮ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ಅವರದೇ. ಕರೆದದ್ದೇ ತಡ, ಅಂಗಡಿ ಮುಚ್ಚಿ ಬಂದರು. ಅಮ್ಮ ಬಿಸಿ ಗೋಳಿಬಜೆ ತಂದಿಟ್ಟರೂ, ಬೆರಳಿನ ಎಣ್ಣೆ ಕೀಬೋರ್ಡಿಗೆ ಹತ್ತೀತೆಂದು ಮುಟ್ಟಲಿಲ್ಲ. ಮೊದಲ ಮನೆ ಒತ್ತಿದರೆ ಸ್ವರ ಚೂರು ತಡವಾಗಿ ಬಂತು.

"ಇದಕ್ಕೆ ಕಿವಿ ಕೇಳುದಿಲ್ವಾ ಮಾರಾಯ?"

ಅಣ್ಣ ಎಂತದೋ ಒತ್ತಿ ಸರಿ ಮಾಡಿದ. ಕೀಬೋರ್ಡಿಗೆ ಹಾರ್ಮೋನಿಯಂನ ಹಾಗೆ ಗಾಳಿ ಹಾಕುವ ತಿದಿ ಇಲ್ಲವಲ್ಲ, ಮಾಮನ ಎಡಗೈ ಮಾತ್ರ ಅಭ್ಯಾಸ ಬಿಡದೆ ಗಾಳಿಯನ್ನೇ ಒತ್ತುತ್ತಿತ್ತು. ನಾವು ಬಿದ್ದು ಬಿದ್ದು ನಕ್ಕೆವು. ಅವರೂ ನಕ್ಕರು.

"ಇದೆಲ್ಲ ಎಂತಕ್ಕೆ ಮಗಾ?" ಎಂದು ನನ್ನನ್ನು ಕೇಳಿದರು.

ಎಂತಕ್ಕೆಂದು ನನಗೆ ಗೊತ್ತಿತ್ತು. ರೆಕಾರ್ಡಿಂಗ್ ಚೆನ್ನಾಗಿ ಬಂದರೆ ಮಂದಿರದಲ್ಲಿ ಇನ್ನು ಇದನ್ನೇ ಹಾಕುವ, ಆ ಹಳೆ ಹಾರ್ಮೋನಿಯಂ ಸಾಕು ಎಂದು ಮಂಡಳಿಯ ಅಧ್ಯಕ್ಷರು ಅಣ್ಣನಿಗೆ ಹೇಳುವಾಗ ನಾನು ಅಲ್ಲೇ ಇದ್ದೆ. ಆದರೂ "ಸುಮ್ಮನೆ ಮಾಮ, ನಮಗೆ ಕೇಳ್ಲಿಕ್ಕೆ" ಎಂದುಬಿಟ್ಟೆ. ನಿಜ ಹೇಳಿದರೆ ಎದ್ದು ಹೋಗುತ್ತಾರೆ, ನಮ್ಮ ರೆಕಾರ್ಡಿಂಗ್ ನಿಲ್ಲುತ್ತದೆ ಎಂಬ ಹೆದರಿಕೆ. ಅವರು ನಂಬಿದರು. ಆ ವಾರವಿಡೀ ಮಧ್ಯಾಹ್ನ ಬಂದು, ತಮಗೆ ಬರುವ ಭಜನೆಯನ್ನೆಲ್ಲ ನುಡಿಸಿ ಕೊಟ್ಟರು.

ಶನಿವಾರ ಮಂದಿರಕ್ಕೆ ಹೋದರೆ ಹಾರ್ಮೋನಿಯಂ ಕಪಾಟಿನೊಳಗಿತ್ತು, ಅದರ ಜಾಗದಲ್ಲಿ ಸ್ಪೀಕರ್, ಅದಕ್ಕೆ ಸಿಕ್ಕಿಸಿದ ಅಣ್ಣನ ಪೆನ್‌ಡ್ರೈವ್. ಸಂಜೀವ ಮಾಮ ಬಂದವರು ವಯರು ನೋಡಿದರು, ನನ್ನನ್ನು ನೋಡಿದರು. ಸರಿದು ಕೂತು ತಾಳ ಎತ್ತಿಕೊಂಡರು. ಊದುಬತ್ತಿಯ ಹೊಗೆಯಲ್ಲಿ ಅವರು ನುಡಿಸಿದ್ದೇ ಅವರ ಮುಂದೆ ಮೊಳಗಿತು. ಭಜನೆ ಮುಗಿದಾಗ ಎಲ್ಲರೂ ಅಣ್ಣನ ಬೆನ್ನು ತಟ್ಟಿದರು. ನನಗೆ ಪ್ರಸಾದದ ಪಂಚಕಜ್ಜಾಯ ಎರಡು ಪಾಲು ಸಿಕ್ಕಿತು. ತಿನ್ನದೆ ಹಾಗೇ ಮನೆಗೆ ಒಯ್ದೆ.

ಸ್ವಲ್ಪ ಸಮಯದಲ್ಲಿ ಸಂಜೀವ ಮಾಮ ಭಜನೆಗೆ ಬರುವುದನ್ನೇ ನಿಲ್ಲಿಸಿದರು. ಶಾಲೆ ಶುರುವಾಗುವ ಮೊದಲು ಯೂನಿಫಾರ್ಮ್ ಹೊಲಿಸಲು ಅವರ ಅಂಗಡಿಗೇ ಹೋಗಬೇಕಾಯಿತು. ಟೇಪು ಹಿಡಿದು ಭುಜದ ಅಳತೆ ತೆಗೆಯುತ್ತಿದ್ದರು.

"ಭಜನೆಗೆ ಬರುದಿಲ್ವಾ ಮಾಮ?"

"ನಾನು ಅಲ್ಲೇ ಇದ್ದೇನಲ್ಲ ಮಗಾ, ಪೆನ್‌ಡ್ರೈವಲ್ಲಿ" ಎಂದು ನಕ್ಕರು.

ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಸಂಜೀವ ಮಾಮ ಈಗಿಲ್ಲ. ಮಂದಿರದ ನೆಲಕ್ಕೆ ಟೈಲ್ಸ್ ಬಂದಿದೆ, ಇನ್ನೂ ದೊಡ್ಡ ಸ್ಪೀಕರ್ ಬಂದಿದೆ. ಹಾರ್ಮೋನಿಯಂ ಬಾರಿಸುವವರು ಊರಿನಲ್ಲಿ ಒಬ್ಬರೂ ಉಳಿದಿಲ್ಲ. ಕಲಿಯಬೇಕೆಂದು ಯಾರಿಗೂ ಅನ್ನಿಸದ ಹಾಗೆ ಮಾಡಿದ್ದರಲ್ಲಿ ನನ್ನ ಪಾಲೂ ಉಂಟು.

ಕಳೆದ ಸಲ ಹೋದಾಗ ಪುಟ್ಟ ಹುಡುಗಿಯೊಬ್ಬಳು ಮೊದಲ ಬಾರಿಗೆ ಭಜನೆ ಹೇಳಲು ನಿಂತಿದ್ದಳು. ಎರಡನೆಯ ಸಾಲು ಮರೆತುಹೋಯಿತು. ಅವಳು ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದರೆ, ಸ್ಪೀಕರಿನೊಳಗಿನ ಸಂಜೀವ ಮಾಮ ಮುಂದೆ ಮುಂದೆ ಹೋಗುತ್ತಲೇ ಇದ್ದರು. ಮಗು ಅಳುತ್ತಾ ಅಮ್ಮನ ಮಡಿಲಿಗೆ ಓಡಿತು.

ಬದುಕಿದ್ದಾಗ ಅವರು ಸಾಲು ಮರೆತವರನ್ನು ಬಿಟ್ಟು ಒಂದು ಸ್ವರವೂ ಮುಂದೆ ಹೋದವರಲ್ಲ.