ನೆನಪಿಗೆ ತುಪ್ಪವಂತೆ!

ಮುಪ್ಪಿನಲ್ಲಿ ಬುದ್ಧಿ ಮಂಕಾಗದಿರಲು ಒಂದೆಲಗದ ತುಪ್ಪ ತಿನ್ನಬೇಕಂತೆ. ಹೇಳಿದವನು ಮೇಲುಕೋಟೆ ಕಡೆಯಿಂದ ಬಂದ ಪಂಡಿತ. ಜಗಲಿಯ ಮೇಲೆ ಕೂತು ನಮ್ಮ ಯಜಮಾನರ ನಾಡಿ ಹಿಡಿದ, ನಾಲಿಗೆ ನೋಡಿದ, ಚೊಂಬು ತುಂಬ ಮಜ್ಜಿಗೆ ಕುಡಿದ, ತುಪ್ಪದ ಭರಣಿ ಕೊಟ್ಟು ಹೊರಟ. ಮದ್ದಿನ ಚೀಲವನ್ನು ಮಾತ್ರ ಜಗಲಿಯಲ್ಲೇ ಮರೆತ! ಊರಬಾಗಿಲ ತನಕ ಹೋದವನು ಏದುಸಿರು ಬಿಡುತ್ತಾ ಹಿಂದಕ್ಕೆ ಬಂದ.

"ಸ್ವಾಮೀ, ಈ ತುಪ್ಪಾವ ತಾವು ತಿನ್ನಾಕಿಲ್ವಾ?" ಅಂದೆ. ನನ್ನ ಮಗ ನನ್ನನ್ನೇ ದುರುಗುಟ್ಟಿ ನೋಡಿದ.

ನಮ್ಮ ಯಜಮಾನರು ನಾಗಮಂಗಲದ ಕಮ್ಮಾರರು. ಶ್ರೀರಂಗಪಟ್ಟಣದ ಸುಲ್ತಾನರ ಬಂದೂಕುಗಳಿಗೂ ಕಬ್ಬಿಣ ಬಡಿದುಕೊಟ್ಟ ಕೈ ಅದು. ವೈರಿಗಳ ದಂಡು ಬಂದು ಊರಿಗೆ ಬೆಂಕಿಯಿಟ್ಟಾಗ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಬಾವಿಗೆ ನೂಕಿ ನಮ್ಮನ್ನೆಲ್ಲ ಬೆಟ್ಟ ಹತ್ತಿಸಿದವರು, ಊರಿಗೆ ಮರಳಿದ ದಿನವೇ ಅದನ್ನು ಮೇಲೆತ್ತಿ ಕೆಲಸಕ್ಕೆ ಕೂತರು. ಮುಂಗಾರಿಗೆ ಮೊದಲು ಸುತ್ತಲ ಹಳ್ಳಿಗಳ ನೇಗಿಲ ಗುಳಗಳೆಲ್ಲ ನಮ್ಮ ಕುಲುಮೆಗೇ ಬರುತ್ತಿದ್ದವು. ಗುಳದ ಸವೆತ ನೋಡಿದರೆ ಸಾಕು, ಇದು ಯಾರ ಮನೆಯದೆಂದು ಹೇಳುತ್ತಿದ್ದರು. ಅಂಥವರು ಒಂದು ವರ್ಷ ಒಬ್ಬನ ಗುಳವನ್ನು ಇನ್ನೊಬ್ಬನಿಗೆ ಕೊಟ್ಟುಬಿಟ್ಟರು. ಹೊಲದಲ್ಲಿ ಜಗಳವಾಯಿತು. ಅಷ್ಟೇ ಸಾಕಾಯಿತು, ಅರವತ್ತಕ್ಕೆ ಅರಳು ಮರಳು ಎಂದು ಊರೆಲ್ಲ ಹಲ್ಲು ಕಿರಿಯಿತು.

ಕುಲುಮೆಯ ಕಾವು ತಲೆಗೇರಿ ಮಿದುಳು ಬತ್ತಿದೆ ಎಂದ ಪಂಡಿತ. ಇನ್ನು ಬೆಂಕಿಯ ಮುಂದೆ ಕೂರಬಾರದು, ಹೆಚ್ಚು ಮಾತಾಡಬಾರದು, ನೆತ್ತಿಗೆ ಎಣ್ಣೆ, ಹೊಟ್ಟೆಗೆ ತುಪ್ಪ. ಮಗ ಅಪ್ಪನ ಕೈಯಿಂದ ಸುತ್ತಿಗೆ ಇಸಿದುಕೊಂಡು ಗೋಡೆಗೆ ನೇತುಹಾಕಿದ. ಮಹಾ ಪಿತೃಭಕ್ತ! ಕೈಗೆ ಕೆಲಸವಿಲ್ಲ, ಬಾಯಿಗೆ ಮಾತಿಲ್ಲ, ಇನ್ನು ಬುದ್ಧಿ ಯಾವುದನ್ನು ಹಿಡಿದುಕೊಂಡು ನಿಂತೀತು? ಮೂಲೆಗೆಸೆದ ಕುಡುಗೋಲಿಗೆ ತುಪ್ಪ ಸವರಿದರೆ ತುಕ್ಕು ಹಿಡಿಯಲಿಕ್ಕಿಲ್ಲ, ಆದರೆ ಹರಿತ ಬರುತ್ತದೆಯೇ? ಕಮ್ಮಾರನ ಮಗನಿಗೆ ಇಷ್ಟು ಹೊಳೆಯಲಿಲ್ಲ.

"ಕುಲ್ಮೆ ತಿದಿ ಒತ್ತಾಕಾದ್ರೂ ಬುಡ್ಲಾ ಅಪ್ಪನ್ನ," ಅಂದೆ.

"ನೀ ಸುಮ್ಕಿರವ್ವ. ಪಂಡಿತ್ರಿಗಿಂತ ನಿಂಗೊತ್ತಾ?"

ನನಗೆ ಗೊತ್ತಿದ್ದದ್ದು ಒಂದೇ. ಜಗಲಿಯಲ್ಲಿ ಕೂತ ಮೇಲೆ ಅವರ ತಲೆಯಿಂದ ಹೆಸರುಗಳು ಬೇಗಬೇಗ ಉದುರತೊಡಗಿದವು. ಎತ್ತಿನ ಹೆಸರು ಹೋಯಿತು, ಎದುರು ಮನೆಯವನದು ಹೋಯಿತು, ತಂಗಿಯ ಗಂಡನದೂ ಹೋಯಿತು. ನನ್ನದು ಉಳಿದಿದೆಯೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸು ನಮ್ಮಲ್ಲಿ ಎಲ್ಲಿದ್ದಾನೆ? ಮದುವೆಯಾಗಿ ಮನೆಗೆ ಬಂದ ದಿನ ಹೊಸ್ತಿಲ ಮೇಲೆ ಒಂದು ಸಲ ಹೇಳಿದ್ದರು, ಆಮೇಲೆ ಬರೀ 'ಲೇ', 'ಇವಳೇ'. ನಾನಂತೂ ಅವರ ಹೆಸರು ಎತ್ತುವ ಹಾಗೇ ಇಲ್ಲ. ಹೆಂಡತಿ ಹೆಸರೆತ್ತಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದಲ್ಲ!

ಒಂದು ದಿನ ಕೇಳಿಯೇಬಿಟ್ಟೆ. "ನನ್ನ ಎಸ್ರೇನು, ಏಳಿ ನೋಡಾನ."

"ನಿನ್ನ ಎಸ್ರು ಕಟ್ಕಂಡು ಏನಾಗ್ಬೇಕು? ಸಂತೇಲಿ ಕೂಗಿ ಮಾರ್ಬೇಕಾ ನಿನ್ನ?"

ನಕ್ಕೆ. ಅಡುಗೆಮನೆಗೆ ಹೋಗಿ ಅತ್ತೆ.

ಅಷ್ಟರಲ್ಲಿ ಮೊಮ್ಮಗನ ಮದುವೆ ಬಂತು. ಹೆಣ್ಣು ತೊಣ್ಣೂರಿನದು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ಬೆಳಗ್ಗೆ, ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ಇವರು ಬಂದು ಪಕ್ಕದಲ್ಲಿ ನಿಂತರು.

"ಲೇ, ಇವತ್ತು ಬಾಕ್ಲಲ್ಲಿ ಎಸ್ರು ಕೇಳ್ತಾರಾ?"

"ಮದ್ವೆ ಐಕಳ್ನ ಕೇಳ್ತಾರೆ."

"ನನ್ನೂ ಕೇಳುದ್ರೆ?"

ಕುಲುಮೆ ಬಿಟ್ಟ ಮೇಲೆ ಆ ಮುಖದಲ್ಲಿ ಬೆವರು ಕಂಡದ್ದು ಅವತ್ತೇ. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ನಾಮಕರಣದ ಕೂಸಿಗೆ ಸೋದರತ್ತೆ ಹೇಳುವಂತೆ ನನ್ನ ಹೆಸರನ್ನು ನಾನೇ ಅವರ ಕಿವಿಯಲ್ಲಿ ಹೇಳಿದೆ. "ಗೊತ್ತು ಬುಡು," ಎಂದು ಸಿಡುಕಿ ಹೋದರು.

ಸಂಜೆ ಹೊಸ ಜೋಡಿ ಬಾಗಿಲಿಗೆ ಬಂತು. ನಾಚುತ್ತಾ ಒಗಟು ಕಟ್ಟಿ ಒಬ್ಬರ ಹೆಸರನ್ನೊಬ್ಬರು ಹೇಳಿ, ಸೇರಕ್ಕಿ ಒದ್ದು ಒಳಗೆ ಹೋಯಿತು. ಹಿಂದೆ ನಾವು. ಹಿರೋಡೆಗೆ ಕೊಟ್ಟಿದ್ದ ನಾದಿನಿ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಅವಳ ಬಾಯಿಗೆ ಬೀಗ ಮಾಡುವ ಕಮ್ಮಾರ ಇನ್ನೂ ಹುಟ್ಟಿಲ್ಲ.

"ಅಣ್ಣೋ, ಅತ್ಗೆ ಎಸ್ರು ಏಳು. ಏಳ್ದೆ ಒಳೀಕ್ ಬುಡಾಕಿಲ್ಲ. ತುಪ್ಪ ತಿಂದ್ ತಲೆ ಎಂಗದೆ ನೋಡಾನ!"

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಅವರ ಮನೆಯ ಗಂಟೇನು ಹೋಗಬೇಕು?

ನಮ್ಮವರು ನನ್ನ ಕಡೆ ತಿರುಗಿದರು. ನನ್ನ ಹಣೆ, ಮೂಗುಬಟ್ಟು, ತಾಳಿ ಎಲ್ಲ ನೋಡಿದರು, ಹೆಸರು ಅಲ್ಲೆಲ್ಲೋ ಬಿದ್ದಿದೆ ಎನ್ನುವಂತೆ. ನಗು ಒಂದೊಂದೇ ಬಾಯಲ್ಲಿ ನಿಲ್ಲುತ್ತಾ ಬಂತು. ಇನ್ನೊಂದು ಗಳಿಗೆ ಕಳೆದಿದ್ದರೆ, ಹೆಂಡತಿಯನ್ನೇ ಮರೆತ ಕಮ್ಮಾರ ಎಂದು ಹೇಮಗಿರಿಯ ತನಕ ಸುದ್ದಿ ಹೋಗುತ್ತಿತ್ತು.

ನಾನು ಅವರ ಹೆಸರನ್ನು ಕೂಗಿಬಿಟ್ಟೆ. ಒಗಟೂ ಇಲ್ಲ, ನಾಚಿಕೆಯೂ ಇಲ್ಲ. ಹೆಸರಿನ ಹಿಂದೆಯೇ, "ಬಾರೋ ಒಳೀಕೆ, ಉಣ್ಣಾಕೊತ್ತಾಯ್ತು!" ಎಂದು ಏಕವಚನದಲ್ಲಿ ಗದರಿದೆ.

ನಾದಿನಿಯ ಕೈ ಬಾಗಿಲು ಬಿಟ್ಟು ಅವಳ ಬಾಯಿಗೇ ಹೋಯಿತು. "ಅಯ್ಯೋ ಶಿವನೇ! ಗಂಡನ ಎಸ್ರಿಡಿದು ಕೂಗುದ್ಲಲ್ಲಾ! ಅತ್ಗೆಗೆ ಅರಳು ಮರಳು ಕಣ್ರವ್ವಾ!"

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹೌದೌದು ಎಂದು ನಾನೂ ಬೊಚ್ಚು ಬಾಯಿ ಬಿಟ್ಟು ತಲೆಯಾಡಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರು. ನಗುತ್ತಲೇ ಹೊಸ್ತಿಲು ದಾಟಿದರು. ಅವರ ಆಯುಸ್ಸಿನ ಯೋಚನೆ ನನಗೆ ಬಂದದ್ದು ಆಮೇಲೆ, ಎಲೆಗೆ ಅನ್ನ ಬಡಿಸುವಾಗ. ಅವರ ಎಲೆಗೆ ಇನ್ನೊಂದು ಸೌಟು ಹಾಕಿದೆ.

ಮಾರನೆಯ ದಿನವೇ ಮಗ ಪಂಡಿತನನ್ನು ಕರೆಸಿದ, ಈ ಸಲ ನನಗಾಗಿ. ಅವನು ನನ್ನ ನಾಡಿ ಹಿಡಿದು, ಅಡುಗೆ ಒಲೆಯ ಕಾವು ತಲೆಗೇರಿದೆ ಎಂದ. ಥೂ! ಒಲೆಯ ಮುಂದೆ ಕೂರಬಾರದಂತೆ. ಮನೆಮಂದಿಗೆಲ್ಲ ಮುದ್ದೆಯನ್ನು ಇವನು ಬಂದು ತೊಳಸುತ್ತಾನೋ ಏನೋ. ಮಜ್ಜಿಗೆ ಕುಡಿದು, ಇನ್ನೊಂದು ಭರಣಿ ಇಟ್ಟು ಹೋದ.

ಆ ಭರಣಿ ಹಿಡಿದುಕೊಂಡು ನಮ್ಮವರು ನನ್ನೆದುರು ಕೂತರು. ಬೆರಳಲ್ಲಿ ತುಪ್ಪ ತೆಗೆದು ನನ್ನ ಬಾಯಿಯ ಹತ್ತಿರ ತಂದರು.

"ತಿನ್ನೇ. ಮರೆವು ಬಂದ್ರೆ ಬಲು ಕಷ್ಟ ಕಣೇ. ನಾಳೆ ನನ್ನೇ ಮರ್ತ್ಬುಟ್ಟೀಯ."

ಬಾಯಿ ತೆರೆದೆ. ಕಹಿ, ಮೇಲೆ ಕಮಟು ವಾಸನೆ.

"ಮರೆಯಾಕಿಲ್ಲ ಬುಡಿ," ಎಂದು ನುಂಗಿದೆ.