ಎಲ್ಲರಿಗೂ ಒಂದೇ ಕನೆಕ್ಷನ್

ಫರೀದಾಬಾದಿನ ಒಂದು ಆಸ್ಪತ್ರೆಗೆ, ರಕ್ತಪರೀಕ್ಷೆಯ ವರದಿಗಳನ್ನು ತೋರಿಸುವ ವೆಬ್‌ಸೈಟ್ ಬರೆದವಳು ನಾನು. ಶುರುವಾದ ಮೂರನೆಯ ದಿನ ಬೆಳಿಗ್ಗೆ ಅಲ್ಲಿನ ಹೆಡ್ ನರ್ಸ್ ಫೋನ್ ಮಾಡಿದರು. ಅವರು ಹಾಸನದ ಕಡೆಯವರು. ನನ್ನ ಜೊತೆ ಕನ್ನಡದಲ್ಲೇ ಮಾತು.

"ಮೇಡಂ, ಆಪರೇಷನ್‌ಗೆ ಹೋಗಬೇಕಾದ ಒಬ್ಬರದು ಬಿ ಪಾಸಿಟಿವ್. ಫೈಲಲ್ಲಿ ಹಾಗೇ ಇದೆ. ಸ್ಕ್ರೀನಲ್ಲಿ ಎ ಅಂತ ಬಂತು. ಇನ್ನೊಂದ್ಸಲ ತೆಗೆದ್ರೆ ಸರಿಯಾಗಿದೆ. ನನ್ನ ಕಣ್ಣೇ ತಪ್ತೇನೋ, ಬಿಡಿ."

ತಪ್ಪಿದ್ದು ಅವರ ಕಣ್ಣಲ್ಲ. ವರದಿಗಳನ್ನಿಟ್ಟ ಡೇಟಾಬೇಸ್‌ಗೆ ಒಂದೇ ಕನೆಕ್ಷನ್ ತೆರೆದು, ವರದಿ ಕೇಳುವ ಎಲ್ಲರ ಕೋರಿಕೆಗಳೂ ಅದರಲ್ಲೇ ಹೋಗಿಬರುವಂತೆ ಬರೆದಿದ್ದೆ. ನಾನೊಬ್ಬಳೇ ಕೂತು ಪರೀಕ್ಷಿಸಿದಾಗ ಎಲ್ಲ ಚೆನ್ನಾಗಿತ್ತು. ಇಬ್ಬರು ಒಂದೇ ಕ್ಷಣದಲ್ಲಿ ಕೇಳಿದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೋಗಬಹುದಿತ್ತು. ಹೋಗಿತ್ತು. ಇನ್ನೆಷ್ಟು ಜನಕ್ಕೆ?

"ಸಿಸ್ಟರ್, ಸ್ಕ್ರೀನ್ ಯಾರೂ ನಂಬಬೇಡಿ. ತಪ್ಪು ನಂದು. ಮೂರು ದಿನದಿಂದ ಅದನ್ನ ನೋಡಿ ಬರೆದಿದ್ದನ್ನೆಲ್ಲ ಫೈಲ್ ಜೊತೆ ತಾಳೆ ನೋಡಿ."

"ಅಯ್ಯೋ ದೇವರೇ," ಎಂದವರೇ ಫೋನಿಟ್ಟರು.

ನಮ್ಮ ಆಫೀಸಿನ ಮ್ಯಾನೇಜರ್ ಬಳಿ ಓಡಿದೆ. ದೆಹಲಿಯವರು. ಸಂಜೆ ಮೀಟಿಂಗಿನಲ್ಲಿ ನೋಡೋಣ ಎಂದರು. "ಸರ್, ಅಲ್ಲಿ ಇದನ್ನು ನೋಡಿ ರೋಗಿಗಳಿಗೆ ರಕ್ತ ಹಾಕುತ್ತಾರೆ," ಎಂದೆ ಹಿಂದಿಯಲ್ಲಿ. ಅವರು ನನ್ನ ಮುಖವನ್ನೇ ನೋಡಿದರು. "ಚಲೋ, ಬಂದ್ ಕರೋ."

ಸೈಟ್ ನಿಲ್ಲಿಸಿದೆ. ಪ್ರತಿ ಕೋರಿಕೆಗೂ ಅದರದೇ ಕನೆಕ್ಷನ್ ಸಿಗಬೇಕು, ಕೆಲಸ ನಡುವೆ ಕೆಟ್ಟರೂ ಆ ಕನೆಕ್ಷನ್ ಮುಂದಿನವರಿಗಾಗಿ ವಾಪಸ್ಸು ಬರಬೇಕು. ಬರೆಯುವುದು ಹತ್ತು ಸಾಲಿನ ಕೆಲಸ. ಒಂದೊಂದು ಪದವನ್ನೂ ತಪ್ಪಾಗಿ ಟೈಪ್ ಮಾಡುತ್ತಿದ್ದೆ. ನಡುನಡುವೆ ನರ್ಸ್‌ಗೆ ಫೋನ್ ಮಾಡುತ್ತಿದ್ದೆ, ಎತ್ತುತ್ತಿರಲಿಲ್ಲ. ರಿಂಗ್ ಆದಷ್ಟೂ ಹೊತ್ತು ಯಾರೋ ಸಾಯುತ್ತಿದ್ದಾರೆ ಎನಿಸುತ್ತಿತ್ತು.

ಮಧ್ಯಾಹ್ನ ಅವರೇ ಮಾಡಿದರು.

"ಎಲ್ಲ ನೋಡಿದ್ವಿ. ಒಬ್ಬ ಅಜ್ಜನಿಗೆ ರಕ್ತ ತರಿಸೋ ಚೀಟೀಲಿ ಗ್ರೂಪ್ ತಪ್ಪಾಗಿತ್ತು. ಬ್ಲಡ್ ಬ್ಯಾಂಕಿಗೆ ಇನ್ನೂ ಕಳಿಸಿರಲಿಲ್ಲ, ಹರಿದು ಹಾಕ್ದೆ. ಅವರೂ ಪರೀಕ್ಷೆ ಮಾಡದೆ ರಕ್ತ ಕೊಡಲ್ಲ ಬಿಡಿ." ಆಮೇಲೆ, "ಊಟ ಆಯ್ತಾ ನಿಮ್ದು?" ಎಂದರು.

ಈ ಸಲ ಆಫೀಸಿನ ಇಪ್ಪತ್ತು ಜನರನ್ನು ಕೂರಿಸಿ, ಎಲ್ಲರೂ ಒಟ್ಟಿಗೆ ವರದಿ ಕೇಳುವ ಬಟನ್ ಒತ್ತುವಂತೆ ಮಾಡಿ ಪರೀಕ್ಷಿಸಿದೆ. ಹೊಸದನ್ನು ಹಾಕಲು ಆಸ್ಪತ್ರೆಗೆ ಹೋದ ದಿನ ನರ್ಸ್ ಮೆಲ್ಲಗೆ ಒಂದು ಹಾಸಿಗೆಯತ್ತ ಕಣ್ಣು ತೋರಿಸಿದರು. ಆ ಅಜ್ಜ ಎದ್ದು ಕೂತು ಕಿತ್ತಳೆ ಸುಲಿಯುತ್ತಿದ್ದರು. ನಾನು ನೋಡುತ್ತಲೇ ನಿಂತದ್ದನ್ನು ಕಂಡು, "ಲೋ ಬೇಟಾ," ತಗೋ ಮಗಳೇ, ಎಂದು ಒಂದು ತೊಳೆ ಚಾಚಿದರು.

ತೆಗೆದುಕೊಂಡೆ. ಅವರ ಹಾಸಿಗೆಯ ಪಕ್ಕದಲ್ಲೇ ಕೂತು ತಿಂದೆ.