ಹುಣಸೆಹುಳಿ ಹಾಕಿ ತಿಕ್ಕಿದ ಪದಕ

ಗಲ್ಫಿನ ಖಾಲಿದಿಯಾದಲ್ಲಿ ನಾನು ಕೆಲಸಕ್ಕಿರುವ ಫ್ಲ್ಯಾಟಿನ ಹಾಲ್‌ನಲ್ಲಿ, ಗಾಜಿನ ಚೌಕಟ್ಟಿನೊಳಗೆ ಒಂದು ಪದಕವಿದೆ. ಕಪ್ಪು ಕೆಂಪು ಗೆರೆಗಳ ರಿಬ್ಬನ್, ಅದರಡಿ ಕಂಚಿನ ಬಿಲ್ಲೆ, ಬಿಲ್ಲೆಯ ಮೇಲೆ ಎರಡು ಅಡ್ಡಪಟ್ಟಿಯ ಶಿಲುಬೆ. ನಾನು ಮಂಗಳೂರು ಕಡೆಯ ಕ್ರೈಸ್ತಳು. ಶಿಲುಬೆ ಕಂಡರೆ ಕೈ ತಾನಾಗಿ ಹಣೆಗೆ ಹೋಗುತ್ತದೆ. ಮೊದಲ ತಿಂಗಳೆಲ್ಲ ಅದಕ್ಕೆ ಕೈಮುಗಿದೇ ಧೂಳು ಒರೆಸಿದ್ದೆ.

ಅದು ದೇವರದ್ದಲ್ಲ ಎಂದು ಆಮೇಲೆ ತಿಳಿಯಿತು. ಮನೆಯ ಯಜಮಾನರು ಎಂಬತ್ತರ ಆಸುಪಾಸಿನ ಫ್ರೆಂಚ್ ಮುದುಕರು; ಪದಕ ಅವರ ತಾಯಿಯದು. ಜರ್ಮನರು ಅವರ ದೇಶ ಹಿಡಿದಿದ್ದಾಗ ಆಕೆ ತಲೆಮರೆಸಿಕೊಂಡವರಿಗೆ ಸುಳ್ಳು ಕಾಗದಪತ್ರ ಮಾಡಿಕೊಟ್ಟು ಗಡಿ ದಾಟಿಸುತ್ತಿದ್ದರಂತೆ. ಸಿಕ್ಕಿಬಿದ್ದು ಹೊಡೆತ ತಿಂದರೂ ಒಬ್ಬರ ಹೆಸರನ್ನೂ ಹೇಳಲಿಲ್ಲವಂತೆ. ಬಂದವರಿಗೆಲ್ಲ ಇದನ್ನು ಹೇಳುವಾಗ ಮುದುಕರ ಕಣ್ಣು ತುಂಬುತ್ತದೆ. ನನ್ನ ಮತ್ತು ಅಡುಗೆಯವಳ ಪಾಸ್‌ಪೋರ್ಟ್ ಮಾತ್ರ ಅವರ ಮೇಜಿನ ಡ್ರಾಯರಿನಲ್ಲಿ, ಜೋಪಾನಕ್ಕೆಂದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಡುಗೆಯವಳು ಉಡುಪಿ ಕಡೆಯವಳು, ನನಗಿಂತ ಚಿಕ್ಕವಳು. ಊರಲ್ಲಿ ಅವಳ ಅಮ್ಮ ಹಾಸಿಗೆ ಹಿಡಿದಿದ್ದರು. ಎರಡು ಸಲ ರಜೆ ಕೇಳಿದಳು. ಬೇರೆ ಅಡುಗೆಯವರು ಸಿಗಲಿ, ಆಮೇಲೆ ನೋಡೋಣ ಎಂದರು ಮುದುಕರು. ಈಸ್ಟರ್‌ಗೆ ನಾಲ್ಕು ದಿನ ಇರುವಾಗ, ಅವರು ಬೆಳಗಿನ ವಾಕಿಂಗ್ ಹೋದ ಹೊತ್ತಿನಲ್ಲಿ, ಅವಳು ಡ್ರಾಯರಿನಿಂದ ತನ್ನ ಪಾಸ್‌ಪೋರ್ಟ್ ತಂದು ನನ್ನೆದುರೇ ಅಕ್ಕಿ ಡಬ್ಬದೊಳಗೆ ಹುಗಿದಿಟ್ಟಳು.

“ಅಮ್ಮನ ಮುಖ ಒಮ್ಮೆ ನೋಡಿ ಬರ್ತೇನೆ ಅಕ್ಕ. ನೀವು ಹೇಳ್ಬೇಡಿ, ಆಯ್ತಾ?”

ಹೇಳುವುದಿಲ್ಲ ಎಂದು ಆಣೆ ಹಾಕಿದೆ.

ಅದೇ ಬೆಳಿಗ್ಗೆ ನನ್ನ ದಡ್ಡತನವೂ ನಡೆಯಿತು. ಊರಲ್ಲಿ ಹಬ್ಬದ ಮುಂಚೆ ಮನೆಯ ಶಿಲುಬೆ, ದೀಪಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕುವುದು ರೂಢಿ. ಪದಕ ಕಪ್ಪಗಾಗಿದೆಯಲ್ಲ, ಮುದುಕರಿಗೆ ಖುಷಿಯಾಗಲಿ ಎಂದು ಅದನ್ನೂ ತೆಗೆದು ಚೆನ್ನಾಗಿ ತಿಕ್ಕಿದೆ. ಹೊಸ ಕೊಡಪಾನದ ಹಾಗೆ ಹೊಳೆಯಿತು.

ಅವರು ಬಂದು ನೋಡಿ ಕುಸಿದು ಕೂತರು. ತಾಯಿ ಇದ್ದಾಗಿನ ಬಣ್ಣವೆಲ್ಲ ಹೋಯಿತು ಎಂದರು. ಆಮೇಲೆ ಎದ್ದು ಕೋಣೆಗೆ ಹೋಗಿ, ನನ್ನ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಹೊರಬಂದರು. ವೀಸಾ ಕ್ಯಾನ್ಸಲ್, ಖಲಾಸ್ ಎಂದುಕೊಂಡೆ. ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಬಾಕಿ ಇತ್ತು. ಆದರೆ ಅವರು ಕೇಳಿದ್ದು ಇನ್ನೊಂದು ಪಾಸ್‌ಪೋರ್ಟ್ ಎಲ್ಲಿ ಎಂದು.

“ಅಕ್ಕಿ ಡಬ್ಬದಲ್ಲಿದೆ ಸರ್.”

ಅವರು ಗದರಿಸಿರಲಿಲ್ಲ. ಕೇಳಿದ್ದೂ ಒಂದೇ ಸಲ.

ಎರಡೂ ಪಾಸ್‌ಪೋರ್ಟ್ ಡ್ರಾಯರಿಗೆ ಹೋದವು, ಬೀಗ ಬಿತ್ತು. ನನ್ನ ಕೆಲಸ ಉಳಿಯಿತು. ಹೊಸ ಅಡುಗೆಯವಳು ಸಿಗಲು ಮೂರು ವಾರ ಹಿಡಿಯಿತು. ಎರಡನೆಯ ವಾರದಲ್ಲೇ ಊರಲ್ಲಿ ಇವಳ ಅಮ್ಮ ತೀರಿಕೊಂಡರು. ಅವಳು ಗ್ಯಾಸ್ ಆರಿಸಿ, ಅಡುಗೆಮನೆಯಲ್ಲಿ ನಿಂತೇ ಫೋನಿನಲ್ಲಿ ಚಿತೆ ನೋಡಿದಳು. ಹೊರಡುವ ದಿನ ಇಷ್ಟೇ ಹೇಳಿದಳು: “ಸರ್‌ಗೆ ಉಪ್ಪು ಕಮ್ಮಿ ಹಾಕ್ಬೇಕು. ಹೊಸಬರಿಗೆ ಹೇಳಿ ಅಕ್ಕ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ‘ಅಕ್ಕ’ ಇವತ್ತಿಗೂ ಚುಚ್ಚುತ್ತದೆ.

ಪದಕ ಈಗ ಮತ್ತೆ ಕಪ್ಪಗಾಗುತ್ತಿದೆ. ಮುದುಕರು ಈಗ ನನ್ನ ಹುಣಸೆಹುಳಿಯನ್ನೂ ಕತೆಗೆ ಸೇರಿಸಿದ್ದಾರೆ. ಅತಿಥಿಗಳು ನಗುತ್ತಾರೆ, ನಾನೂ ನಗುತ್ತೇನೆ. ತಾಯಿ ಒಂದು ಹೆಸರೂ ಹೇಳಲಿಲ್ಲ ಎಂಬಲ್ಲಿಗೆ ಕತೆ ಬರುವ ಮುಂಚೆ ಕಾಫಿ ಕೊಟ್ಟು ಅಡುಗೆಮನೆಗೆ ಬರುತ್ತೇನೆ. ಅಲ್ಲಿ ಆ ಅಕ್ಕಿ ಡಬ್ಬವಿದೆ.